ರಾತ್ರಿ ಏಳರಿಂದ ಒಂಬತ್ತೂವರೆ: ನಮ್ಮ ಗ್ರೂಪ್ ಮೌನವಾಗಿರಲಿ



ಕಳೆದ ಡಿಸೆಂಬರಿನ ಒಂದು ಭಾನುವಾರ. ಬಲಿಪೂಜೆ ಮುಗಿದ ಮೇಲೆ ನಾವು ಕೆಲವರು ಚರ್ಚಿನ ಅಂಗಳದಲ್ಲಿ ನಿಂತು ಗೋದಲಿಗೆ ಎಷ್ಟು ಬಿದಿರು ಬೇಕು, ಬೈಹುಲ್ಲು ಯಾರ ಮನೆಯಿಂದ ತರುವುದು ಎಂದು ಲೆಕ್ಕ ಹಾಕುತ್ತಿದ್ದೆವು. ನಮ್ಮ ವಾಳೆಯ ತಾಯಿಯೊಬ್ಬರು ಹತ್ತಿರ ಬಂದರು. ಅವರ ಮಗ ಹತ್ತನೇ ತರಗತಿಯಲ್ಲಿದ್ದಾನೆ. ಪೀಠಸೇವಕ, ಕ್ಯಾರಲ್ ತಂಡದಲ್ಲಿಯೂ ಹಾಡುತ್ತಾನೆ. ಅವರು ಸಂಕೋಚದಿಂದಲೇ ಹೇಳಿದರು:

"ಮಕ್ಕಳೇ, ತಪ್ಪು ತಿಳಿಯಬೇಡಿ. ನಾಳೆ ಅವನಿಗೆ ಗಣಿತ ಪರೀಕ್ಷೆ. ನಿನ್ನೆ ರಾತ್ರಿ ಓದಲು ಕೂತವನ ಫೋನು ಎಷ್ಟು ಸಲ ಟಿಂಗ್ ಎಂದಿತೋ ಲೆಕ್ಕವಿಲ್ಲ. ಬೇರೆಯವರ ಮೆಸೇಜ್ ಆಗಿದ್ದರೆ ನಾನು ಗದರಿಸಿ ಫೋನು ತೆಗೆದಿಡುತ್ತಿದ್ದೆ. ಆದರೆ ಇದು ಚರ್ಚಿನ ಗ್ರೂಪ್. ದೇವರ ಕೆಲಸಕ್ಕೆ ಬೇಡ ಎನ್ನುವುದು ಹೇಗೆ?"

ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅವರು ಹೋದ ಮೇಲೆ ಫೋನು ತೆರೆದು ಹಿಂದಿನ ರಾತ್ರಿಯ ಮೆಸೇಜುಗಳನ್ನು ಎಣಿಸಿದೆವು. ಎಂಟು ಗಂಟೆಯಿಂದ ಒಂಬತ್ತೂವರೆಯ ಒಳಗೆ ಎಪ್ಪತ್ತಕ್ಕಿಂತ ಹೆಚ್ಚು. ಅದರಲ್ಲಿ ಕೆಲಸಕ್ಕೆ ಬೇಕಾದವು ನಾಲ್ಕು: ಅಭ್ಯಾಸದ ಸಮಯ, ಜಾಗ, ಹಾಡಿನ ಪಟ್ಟಿ, ಬರುವಾಗ ಏನು ತರಬೇಕು. ಉಳಿದವೆಲ್ಲ "ಓಕೆ", ಹೆಬ್ಬೆರಳು, ಕೈಮುಗಿದ ಚಿತ್ರ, ನಗು, ನಗುವಿಗೊಂದು ನಗು. ಇವುಗಳಲ್ಲಿ ಒಂದೂ ಕೆಟ್ಟದ್ದಲ್ಲ. ಆದರೆ ಕ್ರಿಸ್ಮಸ್ ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗನ ಒಂದೂವರೆ ಗಂಟೆಯನ್ನು ನಾವೆಲ್ಲ ಸೇರಿ ಚೂರುಚೂರು ಮಾಡಿದ್ದೆವು. ಅವನೊಬ್ಬನದೇ ಅಲ್ಲ. ಆ ಗ್ರೂಪಿನಲ್ಲಿ ಹತ್ತನೆಯ, ಪ್ಲಸ್ ವನ್, ಪ್ಲಸ್ ಟು ಮಕ್ಕಳು ಇನ್ನೂ ಹಲವರಿದ್ದಾರೆ.

ಮಕ್ಕಳ ಏಕಾಗ್ರತೆಯ ಬಗ್ಗೆ ಮಾತಾಡುವಾಗ ಎಲ್ಲರೂ ಮಕ್ಕಳಿಗೇ ಉಪದೇಶ ಮಾಡುತ್ತೇವೆ. ಫೋನು ಬಿಡು, ಮನಸ್ಸು ಗಟ್ಟಿ ಮಾಡು, ಗಮನವಿಟ್ಟು ಓದು ಎನ್ನುತ್ತೇವೆ. ಅಂದಿನಿಂದ ನಮಗೆ ಅನ್ನಿಸುತ್ತಿರುವುದು ಬೇರೆ. ಗಮನವೆಂಬುದು ಓದುವವನೊಬ್ಬನ ಹೊಣೆಯಲ್ಲ. ಸುತ್ತಲಿರುವವರು ಅದನ್ನು ಕೊಡಲೂಬಹುದು, ಕಸಿದುಕೊಳ್ಳಲೂಬಹುದು. ನಾವು ಕಸಿದುಕೊಳ್ಳುವವರ ಸಾಲಿನಲ್ಲಿದ್ದೇವೆ. ಅದನ್ನು ಒಪ್ಪಿಕೊಂಡೇ ಈ ಮಾತು ಬರೆಯುತ್ತಿದ್ದೇವೆ.

ಎರಡು ಕೆಲಸ ಒಟ್ಟಿಗೆ ಆಗುತ್ತದೆಯೇ?

"ನಮಗೆ ಮಲ್ಟಿಟಾಸ್ಕಿಂಗ್ ಅಭ್ಯಾಸವಿದೆ, ಓದುತ್ತಲೇ ರಿಪ್ಲೈ ಮಾಡುತ್ತೇವೆ" ಎಂದು ನಮ್ಮ ತಮ್ಮ ತಂಗಿಯರು ಹೇಳುತ್ತಾರೆ. ನಾವೂ ಹಾಗೆ ಹೇಳುತ್ತಿದ್ದವರೇ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಒಂದು ಕಾಗದದಲ್ಲಿ ಅ, ಆ, ಇ, ಈ ಎಂದು ಹತ್ತು ಅಕ್ಷರ ಬರೆಯಿರಿ. ಅದರ ಕೆಳಗೆ 1ರಿಂದ 10ರವರೆಗೆ ಬರೆಯಿರಿ. ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ. ಈಗ ಅದನ್ನೇ ಬೆರೆಸಿ ಬರೆಯಿರಿ: ಅ, 1, ಆ, 2, ಇ, 3 ಹೀಗೆ. ಬರೆಯುವ ಅಕ್ಷರ ಅಷ್ಟೇ, ಅಂಕೆಯೂ ಅಷ್ಟೇ. ನಮ್ಮ ಸಭೆಯಲ್ಲಿ ಎಲ್ಲರೂ ಇದನ್ನು ಮಾಡಿ ನೋಡಿದೆವು. ಎರಡನೆಯ ಸಲ ಒಬ್ಬರಿಗೂ ಬೇಗ ಮುಗಿಯಲಿಲ್ಲ. "ಋ ಆದ ಮೇಲೆ ಎಷ್ಟನೆಯದು?" ಎಂದು ಪೆನ್ನು ಹಿಡಿದು ಕೂತವರೇ ಹೆಚ್ಚು.

ಕಾರಣ ಸರಳ. ಯೋಚನೆ ಬೇಕಾದ ಎರಡು ಕೆಲಸಗಳನ್ನು ನಮ್ಮ ಮಿದುಳು ಒಟ್ಟಿಗೆ ಮಾಡುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಪ್ರತಿ ಜಿಗಿತಕ್ಕೂ ಸ್ವಲ್ಪ ಸಮಯ ಹೋಗುತ್ತದೆ. ಹಿಂದಿನ ಕೆಲಸದ ಯೋಚನೆಯ ತುಣುಕೊಂದು ಅಂಟಿಕೊಂಡೇ ಬರುತ್ತದೆ. ಮಲ್ಟಿಟಾಸ್ಕಿಂಗ್ ಎಂಬ ಪದ ಬಂದದ್ದೇ ಕಂಪ್ಯೂಟರಿನ ಲೋಕದಿಂದ. ಒಂದೇ ಪ್ರೊಸೆಸರ್ ಇದ್ದ ಕಾಲದ ಕಂಪ್ಯೂಟರ್ ಕೂಡ ಎರಡು ಕೆಲಸ ಒಟ್ಟಿಗೆ ಮಾಡುತ್ತಿರಲಿಲ್ಲ. ಇದಿಷ್ಟು, ಅದಿಷ್ಟು ಎಂದು ಸರದಿಯಲ್ಲಿ ಮಾಡುತ್ತಿತ್ತು. ಅದು ಬಿಟ್ಟ ಜಾಗವನ್ನು ಮರೆಯುವುದಿಲ್ಲ, ನಾವು ಮರೆಯುತ್ತೇವೆ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತದೆ. "ನಮ್ಮ ಅಜ್ಜಿಯಂದಿರು ಬೀಡಿ ಕಟ್ಟುತ್ತಲೇ ತೇರ್ಸ್ ಹೇಳಲಿಲ್ಲವೇ? ಅಡಿಕೆ ಸುಲಿಯುತ್ತಾ ರೇಡಿಯೋ ಕೇಳಲಿಲ್ಲವೇ?" ಹೌದು, ನಮ್ಮ ಊರಿನ ಎಷ್ಟೋ ಮನೆಗಳು ಹಾಗೆಯೇ ಬದುಕಿದವು. ಆದರೆ ಎಲೆ ಸುರುಳುವುದು ಅವರ ಬೆರಳಿಗೆ ಎಂದೋ ಅಭ್ಯಾಸವಾಗಿತ್ತು, ಅದಕ್ಕೆ ಯೋಚನೆ ಬೇಕಿರಲಿಲ್ಲ. ಅದೇ ಅಜ್ಜಿ ಕಟ್ಟು ಎಣಿಸುವ ಹೊತ್ತಿಗೆ ಪ್ರಾರ್ಥನೆ ನಿಲ್ಲಿಸುತ್ತಿದ್ದರು. ಮಧ್ಯೆ ನಾವೇನಾದರೂ ಮಾತಾಡಿಸಿದರೆ ಕೈ ಎತ್ತಿ ತಡೆಯುತ್ತಿದ್ದರು. ಎಣಿಕೆಗೆ ಇಡೀ ಮನಸ್ಸು ಬೇಕೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹೊಸ ಪಾಠ ಓದುವುದು ಎಲೆ ಸುರುಳಿದಂತಲ್ಲ, ಕಟ್ಟು ಎಣಿಸಿದಂತೆ.

ಸದ್ದೊಂದೇ ಸಾಕು

"ಮೆಸೇಜ್ ಬಂದರೆ ಬರಲಿ, ನೋಡದಿದ್ದರಾಯಿತು" ಎನ್ನುವವರಿದ್ದಾರೆ. ಅಮೆರಿಕದ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಗಮನವಿಟ್ಟು ಮಾಡಬೇಕಾದ ಕೆಲಸವೊಂದರಲ್ಲಿ ತೊಡಗಿದ್ದ ವಿದ್ಯಾರ್ಥಿಗಳ ಫೋನಿಗೆ, ಅವರಿಗೆ ಮೊದಲೇ ತಿಳಿಸದೆ, ಕರೆ ಅಥವಾ ಮೆಸೇಜ್ ಬರುವಂತೆ ಮಾಡಲಾಯಿತು. ಫೋನನ್ನು ಮುಟ್ಟದೆ ಕೆಲಸ ಮುಂದುವರಿಸಿದವರೂ ಹೆಚ್ಚು ತಪ್ಪು ಮಾಡಿದರು. ಕೈ ಹೋಗದಿದ್ದರೂ ಮನಸ್ಸು ಹೋಗಿರುತ್ತದೆ. ಯಾರಿರಬಹುದು, ಏನಿರಬಹುದು ಎಂಬಷ್ಟೇ ಸಾಕು.

ಇನ್ನೊಂದು ಅಧ್ಯಯನ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ್ದು, 2006ರದು. ಕೆಲವು ಚೀಟಿಗಳನ್ನು ನೋಡಿ ಮಳೆಯೋ ಬಿಸಿಲೋ ಎಂದು ಊಹಿಸುವುದನ್ನು ಯುವಜನರಿಗೆ ಕಲಿಸಿದರು. ಒಮ್ಮೆ ಅದನ್ನಷ್ಟೇ ಮಾಡಿಸಿದರು, ಇನ್ನೊಮ್ಮೆ ಜತೆಗೆ ಕಿವಿಗೆ ಬೀಳುವ ಸದ್ದುಗಳನ್ನೂ ಎಣಿಸಲು ಹೇಳಿದರು. ಎರಡೂ ರೀತಿಯಲ್ಲಿ ಉತ್ತರ ಸುಮಾರಾಗಿ ಸರಿಯೇ ಬಂತು. ಆದರೆ ಕಲಿತದ್ದನ್ನು ಬೇರೆ ರೀತಿಯಲ್ಲಿ ಕೇಳಿದಾಗ, ಸದ್ದು ಎಣಿಸುತ್ತಾ ಕಲಿತ ಪಾಠ ಕೈಕೊಟ್ಟಿತು. ಮಿದುಳಿನ ಚಿತ್ರಗಳಲ್ಲಿಯೂ ವ್ಯತ್ಯಾಸ ಕಂಡಿತು. ಗಮನವಿಟ್ಟು ಕಲಿತಾಗ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ಕೆಲಸ ಮಾಡಿತ್ತು. ಗಮನ ಹಂಚಿದಾಗ, ರೂಢಿಯಿಂದ ಬರುವ ಅಭ್ಯಾಸಗಳಿಗೆ ಸಂಬಂಧಿಸಿದ ಸ್ಟ್ರಯೇಟಮ್ ಎಂಬ ಭಾಗದ ಮೇಲೆ ಕಲಿಕೆ ನಿಂತಿತ್ತು.

ಈ ಫಲಿತಾಂಶ ಓದುವಾಗ ನಮಗೆ ನಮ್ಮದೇ ಉತ್ತರಪತ್ರಿಕೆಗಳು ನೆನಪಾದವು. "ಓದಿದ್ದೆ, ಗೊತ್ತಿತ್ತು, ಆದರೆ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದ್ದರು" ಎಂದು ಪರೀಕ್ಷಾ ಕೋಣೆಯಿಂದ ಹೊರಬಂದು ಹೇಳದವರು ಯಾರಿದ್ದಾರೆ? ಮೂರು ಗಂಟೆ ಪುಸ್ತಕದ ಮುಂದೆ ಕೂತದ್ದು ಸುಳ್ಳಲ್ಲ. ಆದರೆ ಆ ಮೂರು ಗಂಟೆ ಎಷ್ಟು ತುಂಡಾಗಿತ್ತು ಎಂದು ನಾವು ಕೇಳಿಕೊಳ್ಳಲಿಲ್ಲ.

ಗಡಿಯ ಮಕ್ಕಳಿಗೆ ಇದು ಇನ್ನಷ್ಟು ದುಬಾರಿ

ಗಮನ ಎಲ್ಲ ಮಕ್ಕಳಿಗೂ ಬೇಕು. ಕಾಸರಗೋಡಿನ ನಮ್ಮ ಮಕ್ಕಳಿಗೆ ಸ್ವಲ್ಪ ಹೆಚ್ಚೇ ಬೇಕು. ಮನೆಯಲ್ಲಿ ಕೊಂಕಣಿಯೋ ತುಳುವೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ, ಆಫೀಸಿನಲ್ಲಿ ಮಲಯಾಳಂ. ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿ ಪ್ಲಸ್ ವನ್ ಸಯನ್ಸ್ ಸೇರಿದರೆ ಎದುರಿಗೆ ಇಂಗ್ಲಿಷ್ ಪುಸ್ತಕ. ಒಂದು ವಾಕ್ಯವನ್ನು ಮೂರು ಸಲ ಓದಬೇಕು. ಮೊದಲು ಪದದ ಅರ್ಥ, ಆಮೇಲೆ ವಾಕ್ಯದ ಅರ್ಥ, ಕೊನೆಗೆ ಪಾಠದ ಅರ್ಥ. ಮೂರನೆಯ ಮೆಟ್ಟಿಲಿನಲ್ಲಿರುವಾಗ ಟಿಂಗ್ ಎಂದರೆ ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕು. ಆ ಭಾಷೆಯಲ್ಲಿಯೇ ಬೆಳೆದ ಮಗುವಿಗಿಂತ ನಮ್ಮ ಮಗುವಿಗೆ ಪ್ರತಿ ಅಡ್ಡಿಯ ಬೆಲೆ ಹೆಚ್ಚು.

ಹಾಗೆಂದು ಫೋನನ್ನು ಒಲೆಗೆ ಹಾಕಿ ಎಂದು ನಾವು ಹೇಳುವುದಿಲ್ಲ. ಆ ಇಂಗ್ಲಿಷ್ ಪದದ ಅರ್ಥ ಸಿಗುವುದೂ ಅದೇ ಫೋನಿನಲ್ಲಿ. 2020ರ ಜೂನ್ 1ರಂದು ಕೇರಳದಲ್ಲಿ ಫಸ್ಟ್ ಬೆಲ್ ತರಗತಿಗಳು ಶುರುವಾದಾಗ ನಮ್ಮ ಎಷ್ಟೋ ಮನೆಗಳಲ್ಲಿ ಸಾಲ ಮಾಡಿಯಾದರೂ ಫೋನು ಕೊಂಡದ್ದು ಮಕ್ಕಳ ಪಾಠಕ್ಕಾಗಿಯೇ. ಕೊರೊನಾ ಹೋಯಿತು, ಫೋನು ಪುಸ್ತಕದ ಪಕ್ಕದಲ್ಲೇ ಉಳಿಯಿತು. ನೋಟ್ಸ್ ಬರುವುದು ಅದರಲ್ಲಿ, ಟೀಚರ ಸೂಚನೆ ಬರುವುದು ಅದರಲ್ಲಿ, ಆಟವೂ ರೀಲ್ಸೂ ಅದರಲ್ಲಿಯೇ. ಒಂದೇ ಬಾಗಿಲಿನಿಂದ ಟೀಚರೂ ಬರುತ್ತಾರೆ, ಜಾತ್ರೆಯೂ ಬರುತ್ತದೆ. ಹೀಗಿರುವಾಗ "ಮನಸ್ಸು ಗಟ್ಟಿ ಮಾಡು" ಎಂದಷ್ಟೇ ಹೇಳಿ ನಾವು ಕೈತೊಳೆದುಕೊಳ್ಳುವುದು ಸರಿಯಲ್ಲ.

ಇನ್ನೊಂದು ಮಾತು ಹಿರಿಯರು ಬೇಸರಿಸದೆ ಕೇಳಬೇಕು. ನಮ್ಮ ಮನೆಗಳಲ್ಲಿ ಓದುವ ಮಗುವೇ ಮನೆಯ ಗುಮಾಸ್ತ. ಪಂಚಾಯತಿನಿಂದ ಮಲಯಾಳಂ ಮೆಸೇಜ್ ಬಂದರೆ, "ಇದೇನು ಓದಿ ಹೇಳು." ಕರೆಂಟ್ ಬಿಲ್ ಬಂದರೆ, "ಸ್ವಲ್ಪ ಗೂಗಲ್ ಪೇ ಮಾಡು." ಗಲ್ಫಿನಿಂದ ಅಪ್ಪ ವಿಡಿಯೋ ಕಾಲ್ ಮಾಡಿದರೆ, "ಬಾ, ಮುಖ ತೋರಿಸು." ಅಪ್ಪನಿಗೆ ಮಗುವಿನ ಮುಖ ನೋಡುವ ಆಸೆ ತಪ್ಪಲ್ಲ, ಬಿಲ್ಲು ಕಟ್ಟಲೇಬೇಕು. ಆದರೆ ಒಂಬತ್ತೂವರೆಗೆ ಕಟ್ಟಿದರೆ ಆಗದೇ? ಮಗು ಓದು ಬಿಟ್ಟು ಎದ್ದದ್ದು ಎರಡೇ ನಿಮಿಷವೆಂದು ನಮಗೆ ಕಾಣುತ್ತದೆ. ಮತ್ತೆ ಕೂತು, ಎಲ್ಲಿ ಬಿಟ್ಟೆ ಎಂದು ಹುಡುಕಿ, ಮನಸ್ಸು ಪಾಠದೊಳಗೆ ಇಳಿಯಲು ಹಿಡಿಯುವ ಸಮಯ ನಮಗೆ ಕಾಣುವುದಿಲ್ಲ.

ಮ್ಯೂಟ್ ಮಾಡಬಹುದಲ್ಲ?

ಈ ವಿಷಯ ನಮ್ಮ ಸಭೆಯಲ್ಲಿ ಬಂದಾಗ ಒಬ್ಬರು ಕೇಳಿದರು: "ಬೇಡವಾದವರು ಗ್ರೂಪ್ ಮ್ಯೂಟ್ ಮಾಡಲಿ. ಎಲ್ಲರೂ ಯಾಕೆ ಸುಮ್ಮನಿರಬೇಕು?" ಮಾತು ನ್ಯಾಯವೇ. ಮ್ಯೂಟ್ ಮಾಡುವುದು ಕಷ್ಟವೇನಲ್ಲ. ಆದರೆ ಆ ಸಭೆಯಲ್ಲಿದ್ದ ಪ್ಲಸ್ ಟು ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು: "ನಾನು ಮ್ಯೂಟ್ ಮಾಡಿದ್ದೆ ಅಕ್ಕ. ಅಭ್ಯಾಸದ ಸಮಯ ಬದಲಾದದ್ದು ನನಗೆ ಗೊತ್ತಾಗಲಿಲ್ಲ. ಭಾನುವಾರ ನೀವೇ ಎಲ್ಲರ ಎದುರು ಕೇಳಿದ್ದು, ಮೆಸೇಜ್ ನೋಡಲಿಕ್ಕೂ ನಿನಗೆ ಪುರುಸೊತ್ತಿಲ್ಲವಾ ಅಂತ."

ಅದು ನಿಜ, ನಾವು ಹಾಗೆ ಕೇಳಿದ್ದೆವು. ಮ್ಯೂಟ್ ಮಾಡಿದವರಿಗೆ ಶಿಕ್ಷೆ, ಕೂಡಲೇ ಉತ್ತರಿಸಿದವರಿಗೆ ಶಹಭಾಸ್‌ಗಿರಿ ಎಂದಾದರೆ, ಮ್ಯೂಟ್ ಮಾಡುವ ಧೈರ್ಯ ಯಾವ ಮಗುವಿಗೆ ಬಂದೀತು? ಕೂಡಲೇ ಉತ್ತರಿಸುವುದನ್ನೇ ಚರ್ಚಿನ ಮೇಲಿನ ಪ್ರೀತಿ ಎಂದು ಅಳೆಯಲು ನಾವು ಯಾವಾಗ ಕಲಿತೆವೋ ಗೊತ್ತಿಲ್ಲ. ಅದನ್ನು ನಾವೇ ಬಿಡಬೇಕು.

ಮಾರ್ಥಳ ಮನೆ

ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಮಾರ್ಥ ಮತ್ತು ಮರಿಯಳ ಮನೆಗೆ ಯೇಸು ಬಂದ ಕತೆ ನಮಗೆಲ್ಲ ಗೊತ್ತು. ಅಡುಗೆ ಮಾಡಿದ್ದು ಮಾರ್ಥಳ ತಪ್ಪು ಎಂದು ಯೇಸು ಹೇಳಲಿಲ್ಲ. ಮನೆಗೆ ಬಂದವರಿಗೆ ಊಟ ಬೇಕೇ ಬೇಕು. ಅವಳ ಮನಸ್ಸು ಹಲವು ಕಡೆ ಹರಿದು ಹಂಚಿಹೋದದ್ದನ್ನು ಅವರು ಕಂಡರು, ಮರುಕದಿಂದ ಎರಡು ಸಲ ಹೆಸರು ಹಿಡಿದು ಕರೆದರು. ಆ ಕತೆಯಲ್ಲಿ ನಮಗೆ ಈ ಸಲ ಬೇರೊಂದು ವಿಷಯ ಕಂಡಿತು. ಮಾರ್ಥ ತಾನು ಚಡಪಡಿಸಿದ್ದಷ್ಟೇ ಅಲ್ಲ, ಕೂತು ಕೇಳುತ್ತಿದ್ದ ತಂಗಿಯನ್ನೂ ಎಬ್ಬಿಸಲು ಹೊರಟಳು, ಅದೂ ಒಳ್ಳೆಯ ಕೆಲಸಕ್ಕಾಗಿ. ರಾತ್ರಿ ಎಂಟೂವರೆಗೆ ಕ್ಯಾರಲ್ ಪಟ್ಟಿ ಹಾಕಿ "ಎಲ್ಲರೂ ರಿಪ್ಲೈ ಮಾಡಿ" ಎಂದ ನಾವು ಮಾಡಿದ್ದೂ ಅದನ್ನೇ.

ನಮ್ಮ ಕಾಲದ ಸಂತ ಕಾರ್ಲೊ ಅಕ್ಯುಟಿಸ್ 1991ರಲ್ಲಿ ಹುಟ್ಟಿ, 2006ರಲ್ಲಿ ಹದಿನೈದರ ಹರೆಯದಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಹುಡುಗ. 2025ರ ಸೆಪ್ಟೆಂಬರ್ 7ರಂದು ಪೋಪ್ ಲಿಯೊ ಅವರು ಅವನನ್ನು ಸಂತನೆಂದು ಸಾರಿದರು. ಕಂಪ್ಯೂಟರ್ ಅವನಿಗೆ ಚೆನ್ನಾಗಿ ಗೊತ್ತಿತ್ತು. ಪರಮಪ್ರಸಾದದ ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದವನು ಅವನು. ವಿಡಿಯೋ ಗೇಮ್ ಕೂಡ ಇಷ್ಟವಿತ್ತು, ಆದರೆ ವಾರಕ್ಕೆ ಒಂದು ಗಂಟೆ ಎಂದು ತಾನೇ ಮಿತಿ ಹಾಕಿಕೊಂಡಿದ್ದ. ಯಂತ್ರವನ್ನು ಅವನು ದ್ವೇಷಿಸಲಿಲ್ಲ, ಅದಕ್ಕೊಂದು ಸಮಯ ಕೊಟ್ಟ. ನಮಗೂ ಬೇಕಾದದ್ದು ಅಷ್ಟೇ.

ಪಾಠಕ್ಕೆ ಇಪ್ಪತ್ತು ನಿಮಿಷ ಮನಸ್ಸು ಕೊಡಲಾಗದವರು ಬಲಿಪೂಜೆಯಲ್ಲಿ ಪ್ರಬೋಧನೆಗೆ ಮನಸ್ಸು ಕೊಟ್ಟೇವೇ? ಕಾಯಿಲೆ ಬಿದ್ದ ಅಜ್ಜನ ಮಾತನ್ನು, ಅವರು ಅದೇ ಮಾತನ್ನು ನಾಲ್ಕನೆಯ ಸಲ ಹೇಳುವಾಗ, ಫೋನು ನೋಡದೆ ಕೇಳಿಯೇವೇ? ಮನಸ್ಸನ್ನು ಒಂದೆಡೆ ನಿಲ್ಲಿಸುವ ಅಭ್ಯಾಸ ಮಾರ್ಕಿಗೆ ಮಾತ್ರ ಬೇಕಾದದ್ದಲ್ಲ.

ನಾವು ಮಾಡುವುದು, ನಿಮ್ಮಲ್ಲಿ ಕೇಳುವುದು

ಕೇರಳದ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಎಲ್ಲರಿಗೂ ಕೂಲ್ ಆಫ್ ಟೈಮ್ ಗೊತ್ತು. ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಹದಿನೈದು ನಿಮಿಷ ಉತ್ತರ ಬರೆಯುವಂತಿಲ್ಲ. ಪ್ರಶ್ನೆ ಓದಬೇಕು, ಯೋಚಿಸಬೇಕು. ಪೆನ್ನು ಹಿಡಿದು ಕೂತವರಿಗೆ ಆ ಹದಿನೈದು ನಿಮಿಷ ದೊಡ್ಡ ಕಿರಿಕಿರಿ. ಹೊರಬಂದ ಮೇಲೆ ತಿಳಿಯುತ್ತದೆ, ಆ ಹೊತ್ತಿನಲ್ಲಿ ಒಂದೇ ಕೆಲಸ ಮಾಡಿದ್ದರಿಂದ ಮುಂದಿನದೆಲ್ಲ ಸುಲಭವಾಯಿತು ಎಂದು. ಅಂಥ ಹದಿನೈದು ನಿಮಿಷವನ್ನು ಮನೆಯ ಓದಿಗೂ ತನ್ನಿ ಎಂಬುದು ವಿದ್ಯಾರ್ಥಿಗಳಿಗೆ ನಮ್ಮ ಮೊದಲ ಸಲಹೆ. ಕೂತ ಕೂಡಲೇ ಫೋನು ಇನ್ನೊಂದು ಕೋಣೆಗೆ ಹೋಗಲಿ. ಹದಿನೈದು ನಿಮಿಷ ಒಂದೇ ಪುಸ್ತಕ. ಅಷ್ಟಾದರೆ ಇಪ್ಪತ್ತೈದಕ್ಕೆ ಏರಿಸಿ, ಎದ್ದು ನೀರು ಕುಡಿದು ಬನ್ನಿ. ಅರ್ಥ ಗೊತ್ತಾಗದ ಪದ ಬಂದರೆ ಕೂಡಲೇ ಫೋನಿಗೆ ಓಡಬೇಡಿ, ಒಂದು ಚೀಟಿಯಲ್ಲಿ ಬರೆದಿಡಿ, ಕೊನೆಗೆ ಎಲ್ಲವನ್ನೂ ಒಟ್ಟಿಗೆ ನೋಡಿ. ಓದಿನ ಮಧ್ಯೆ ನೆನಪಾಗುವ ಬೇರೆ ಕೆಲಸಗಳೂ ಅದೇ ಚೀಟಿಗೆ ಹೋಗಲಿ. ಹಾಡು ಬೇಕೆನ್ನುವವರು ಚಿತ್ರ ಬಿಡಿಸುವಾಗ, ರೆಕಾರ್ಡ್ ಬುಕ್ಕಿಗೆ ಗೆರೆ ಎಳೆಯುವಾಗ ಕೇಳಿ. ಓದುವಾಗ ಬೇಡ. ಹಾಡಿನ ಮಾತು ಪುಸ್ತಕದ ಮಾತಿನೊಂದಿಗೆ ಜಗಳವಾಡುತ್ತದೆ.

ಹೆತ್ತವರಲ್ಲಿ ನಮ್ಮ ವಿನಂತಿ: ಆ ಹೊತ್ತಿನಲ್ಲಿ ಮಗುವನ್ನು ಕರೆಯಬೇಡಿ. ಧಾರಾವಾಹಿಯ ಸದ್ದು ಸ್ವಲ್ಪ ಇಳಿಸಿ. ಮಗು ಫೋನು ಹೊರಗಿಡುವಾಗ ನಿಮ್ಮದನ್ನೂ ಪಕ್ಕದಲ್ಲಿಡಿ. ನಾವು ರೀಲ್ಸ್ ನೋಡುತ್ತಾ ಮಗುವಿಗೆ "ಓದು" ಎಂದರೆ ಅದು ನಮ್ಮ ಮಾತನ್ನಲ್ಲ, ನಮ್ಮ ಬೆರಳನ್ನು ನೋಡುತ್ತದೆ.

ಉಳಿದದ್ದು ನಮ್ಮ ಪಾಲು. ಇನ್ನು ಮುಂದೆ ನಮ್ಮ ಯುವ ಘಟಕದ ಗ್ರೂಪಿನಲ್ಲಿ ರಾತ್ರಿ ಏಳರಿಂದ ಒಂಬತ್ತೂವರೆಯವರೆಗೆ ಯಾರೂ ಮೆಸೇಜ್ ಹಾಕುವುದಿಲ್ಲ. ಗ್ರೂಪಿನ ಸೆಟ್ಟಿಂಗ್‌ನಲ್ಲಿ ಅಡ್ಮಿನ್‌ಗಳಿಗೆ ಮಾತ್ರ ಎಂದು ಬದಲಿಸುವುದು ಅರ್ಧ ನಿಮಿಷದ ಕೆಲಸ, ಅದನ್ನು ನಾವು ಸರದಿಯಲ್ಲಿ ಮಾಡುತ್ತೇವೆ. ಕಾರ್ಯಕ್ರಮಗಳ ಸೂಚನೆ ದಿನಕ್ಕೊಂದೇ ಸಲ ಬರುತ್ತದೆ, ಉತ್ತರಕ್ಕೆ ಒಂದು ದಿನದ ಸಮಯವಿರುತ್ತದೆ. ಸಾವು, ಅಪಘಾತ, ರಕ್ತ ಬೇಕಾದ ಸಂದರ್ಭಗಳಲ್ಲಿ ಫೋನ್ ಮಾಡುತ್ತೇವೆ. ಹತ್ತನೆಯ ಮತ್ತು ಪ್ಲಸ್ ಟು ಮಕ್ಕಳಿಗೆ ಡಿಸೆಂಬರಿನಲ್ಲಿಯೂ ಫೆಬ್ರವರಿ, ಮಾರ್ಚಿನಲ್ಲಿಯೂ ಯಾವ ಜವಾಬ್ದಾರಿಯನ್ನೂ ಕೊಡುವುದಿಲ್ಲ. ಬಂದರೆ ಸಂತೋಷ, ಬಾರದಿದ್ದರೆ ಪ್ರಶ್ನೆಯಿಲ್ಲ. ಗೋದಲಿಯ ಬಿದಿರು ಹೊರಲು ಕಾಲೇಜು ಮುಗಿಸಿದ ನಾವಿದ್ದೇವೆ.

ಎಲ್ಲರ ಮನೆಯಲ್ಲೂ ಬಾಗಿಲು ಹಾಕಿ ಓದಲು ಒಂದು ಕೋಣೆ ಇಲ್ಲವೆಂದೂ ನಮಗೆ ಗೊತ್ತು. ಅದಕ್ಕಾಗಿ ಪರೀಕ್ಷೆಯ ತಿಂಗಳುಗಳಲ್ಲಿ ಸಂಜೆ ಚರ್ಚಿನ ಸಭಾಂಗಣದ ಬೀಗ ತೆರೆದುಕೊಡಬೇಕೆಂದು ಧರ್ಮಗುರುಗಳಲ್ಲಿಯೂ ಪಾಲನಾ ಮಂಡಳಿಯಲ್ಲಿಯೂ ಈ ಮೂಲಕ ಕೇಳಿಕೊಳ್ಳುತ್ತೇವೆ. ಮೇಜು, ಬೆಂಚು, ಎರಡು ಟ್ಯೂಬ್‌ಲೈಟ್ ಸಾಕು. ಬಾಗಿಲ ಬಳಿ ಫೋನಿಡಲು ಒಂದು ಬುಟ್ಟಿ ಇಡುತ್ತೇವೆ. ನಮ್ಮಲ್ಲಿ ಇಬ್ಬರು ದಿನವೂ ಜತೆಗಿರುತ್ತೇವೆ, ಮೊದಲು ನಮ್ಮ ಫೋನನ್ನೇ ಬುಟ್ಟಿಗೆ ಹಾಕುತ್ತೇವೆ. ಹೆಣ್ಣುಮಕ್ಕಳನ್ನು ಕತ್ತಲಾದ ಮೇಲೆ ಮನೆಯವರೆಗೆ ಬಿಟ್ಟುಬರುವ ಹೊಣೆಯೂ ನಮ್ಮದು. ಯಾವ ಧರ್ಮದ ಮಗು ಬಂದರೂ ಬೆಂಚಿನಲ್ಲಿ ಜಾಗವಿದೆ.

ಇದರಿಂದ ಎಲ್ಲರಿಗೂ ಎ ಪ್ಲಸ್ ಬರುತ್ತದೆಂದು ನಾವು ಹೇಳುವುದಿಲ್ಲ. ಓದಿನ ಕಷ್ಟಗಳು ಬೇರೆಯೂ ಇವೆ. ಆದರೆ ಮುಂದಿನ ಡಿಸೆಂಬರಿನಲ್ಲಿ ಆ ತಾಯಿ ಅಂಗಳದಲ್ಲಿ ಎದುರಾದರೆ ತಲೆತಗ್ಗಿಸದೆ ಮಾತಾಡಿಸುವ ಆಸೆ ನಮಗಿದೆ. ನಮ್ಮ ಹುಡುಗನೊಬ್ಬ ನಿಶ್ಶಬ್ದವಾಗಿ ಕೂತು ಒಂದು ಲೆಕ್ಕ ಬಿಡಿಸುವುದೂ ದೇವರ ಕೆಲಸವೇ ಎಂದು ಅವರಿಗೆ ಅಂದೇ ಹೇಳಬೇಕಿತ್ತು. ತಡವಾಗಿಯಾದರೂ ಇಲ್ಲಿ ಹೇಳಿದ್ದೇವೆ.

ಓದುವ ನಮ್ಮ ಎಲ್ಲ ತಮ್ಮ ತಂಗಿಯರನ್ನು ದೇವರು ಆಶೀರ್ವದಿಸಲಿ.